ಮಡಿಲಕ್ಕಿ ಹಾಕಿ ತವರಾದ ನಮ್ಮ ಕಣಜ

ನಾನು ಕೆಲಸ ಬಿಟ್ಟ ಮೇಲೆ ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಮೊನ್ನೆ ಇಬ್ಬರೂ ಮನೆ ಹುಡುಕಿಕೊಂಡು ಬಂದು, "ಮೇಡಂ, ಕೆಲಸ ಹೇಗೆ ಅಂತ ಸ್ವಲ್ಪ ಹೇಳಿಕೊಡಿ" ಎಂದರು. ಕಾಫಿ ಕೊಟ್ಟು ಕೂರಿಸಿ ಹೇಳಲು ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು. ಉಳಿದದ್ದನ್ನು ಬರೆದಿಡುತ್ತೇನೆ, ಓದಿಕೊಳ್ಳಿ ಎಂದೆ. ಓದುತ್ತಾರೋ ಇಲ್ಲವೋ ಅವರಿಗೇ ಗೊತ್ತು. ನನಗಂತೂ ಬಾಯಿ ತೆರೆದ ಮೇಲೆ ಅರ್ಧಕ್ಕೆ ನಿಲ್ಲಿಸಿ ಅಭ್ಯಾಸವಿಲ್ಲ.

ನನ್ನ ಹೆಸರು ನಾಗರತ್ನ. ಮಂಡ್ಯದ ಒಂದು ಚರ್ಚಿನ ಹಿಂಭಾಗದಲ್ಲಿ ಹೆಂಚಿನ ಕಟ್ಟಡವೊಂದಿದೆ. ಮನೆಯ ದುಡಿಯುವವರು ಹಾಸಿಗೆ ಹಿಡಿದರೋ, ಕೆಲಸ ಹೋಯಿತೋ, ಮನೆಗೆ ಬೆಂಕಿ ಬಿತ್ತೋ, ಅಂಥ ಕುಟುಂಬಗಳಿಗೆ ಕೆಲವು ತಿಂಗಳು ಅಲ್ಲಿಂದ ಅಕ್ಕಿ, ರಾಗಿ, ಬೇಳೆ, ಎಣ್ಣೆ ಕೊಡುತ್ತಾರೆ. ಹೊರಗೆ ಬೋರ್ಡಿನಲ್ಲಿ ಉದ್ದನೆಯ ಹೆಸರಿದೆ. ಜನ ಅದನ್ನು ಕಣಜ ಅಂತಲೇ ಕರೆದರು, ನಾವೂ ಹಾಗೇ ಕರೆದೆವು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯಿಂದ ಜನ ಬರುತ್ತಿದ್ದರು. ದವಸ ತರಿಸುವುದು, ಕೆಡದಂತೆ ನೋಡಿಕೊಳ್ಳುವುದು, ಯಾರಿಗೆ ಏನು ಬೇಕೆಂದು ಮನೆಗೆ ಹೋಗಿ ವಿಚಾರಿಸುವುದು ನನ್ನ ಕೆಲಸ. ನಾನು ಚರ್ಚಿನವಳಲ್ಲ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ, ಅವರಿಗೆ ಆಳು ಬೇಕಿತ್ತು, ನನಗೆ ಸಂಬಳ ಬೇಕಿತ್ತು. ಅಷ್ಟೇ ಕತೆ.

ಆಗ ಇದ್ದವರು ಫಾದರ್ ಆಲ್ಬನ್. ಕರಾವಳಿಯವರು. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಏನೋ ಮರೆತವರಂತೆ ಜೇಬು ಮುಟ್ಟಿಕೊಳ್ಳುತ್ತಾ ಓಡಾಡುವವರು. ಒಳ್ಳೆಯ ಕನ್ನಡ ಅವರದು, ಪುಸ್ತಕದ ಹಾಗೆ. ಆದರೆ ಆ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಮೊದಮೊದಲು ಮಾತುಕತೆಯೇ ಇರಲಿಲ್ಲ.

ನಾನು ಸೇರಿದ ಹೊಸತು. ಕೊತ್ತತ್ತಿ ಕಡೆಯಿಂದ ಮರೀಗೌಡ ಅಂತ ಒಬ್ಬರು ಬಂದರು. ಕೈ ಮುರಿದು ಕಟ್ಟು ಹಾಕಿಸಿಕೊಂಡಿದ್ದರು. ಫಾದರ್ ಮುಂದೆ ನಿಂತು, "ಮನೇಲಿ ಇಟ್ಟಿಲ್ಲ ಸ್ವಾಮಿ" ಎಂದರು.

"ಎಂತ ಇಟ್ಟಿಲ್ಲ?" ಎಂದರು ಫಾದರ್.

"ಇಟ್ಟೇ ಇಲ್ಲ ಸ್ವಾಮಿ."

"ಅದೇ ಮಾರಾಯ್ರೇ, ಎಂತದನ್ನು ಇಟ್ಟಿಲ್ಲ? ಎಲ್ಲಿ ಇಡಬೇಕಿತ್ತು?"

ಮರೀಗೌಡರು ನನ್ನ ಮುಖ ನೋಡಿದರು. ಈ ಸ್ವಾಮಿಗೆ ಕಿವಿ ಮಂದವೋ ತಲೆ ಮಂದವೋ ಎಂಬ ಅನುಮಾನ ಆ ನೋಟದಲ್ಲಿತ್ತು. ನಾನು ನಗು ತಡೆದುಕೊಂಡು, "ಹಿಟ್ಟು ಫಾದರ್, ಹಿಟ್ಟಿಲ್ಲ ಅಂತಿದ್ದಾರೆ" ಎಂದೆ. ಅಷ್ಟರಲ್ಲಿ ಯಾರೋ ಕರೆದರೆಂದು ಹೊರಗೆ ಹೋದೆ. ಅದೇ ಎಡವಟ್ಟಾಯಿತು. ಹಿಟ್ಟಿಲ್ಲ ಎಂದರೆ ಹಿಟ್ಟು ಕೊಡಬೇಕು, ಅದರಲ್ಲೇನು ಎಂದುಕೊಂಡ ಫಾದರ್ ಆ ವಾರವೇ ಮೂಟೆಗಟ್ಟಲೆ ಮೈದಾ ತರಿಸಿಬಿಟ್ಟರು. ನಮ್ಮ ಕಡೆ ಹಿಟ್ಟು ಎಂದರೆ ರಾಗಿ ಮುದ್ದೆ, ಹಿಟ್ಟುಂಡಿರಾ ಎಂದರೆ ಊಟವಾಯಿತೇ ಎಂದರ್ಥ ಎಂದು ಅವರಿಗೆ ಯಾರು ಹೇಳಬೇಕು? ನಾನು ಹೇಳಬೇಕಿತ್ತು. ನನಗೆ ಅದು ಹೇಳಬೇಕಾದ ವಿಷಯ ಅಂತಲೇ ಹೊಳೆದಿರಲಿಲ್ಲ.

ಮುಂದಿನ ವಾರ ಮರೀಗೌಡರು ಮತ್ತೆ ಬಂದರು. ಮುಖ ಊದಿಕೊಂಡಿತ್ತು.

"ಅಲ್ಲ ಕಣಮ್ಮ, ಅದೇನು ಇಟ್ಟು ಕೊಟ್ರಿ? ನಮ್ಮೋಳು ಎಸರಿಗೆ ಉಯ್ದು ತಿರುವಿದ್ಲು. ಕೋಲು ಮಡಕೆಗೆ ಅಂಟ್ಕೊಂಡು ಬರ್ನೇ ಇಲ್ಲ. ಈಗ್ಲೂ ಅಂಗೇ ಐತೆ, ಬೇಕಾರೆ ಬಂದು ನೋಡಿ."

ಉಳಿದ ಮೈದಾವನ್ನು ಒಂದು ಬೇಕರಿಯವರು ತೆಗೆದುಕೊಂಡು ಪುಣ್ಯ ಕಟ್ಟಿಕೊಂಡರು. ನಾನು ಫಾದರನ್ನು ಮನೆಗೆ ಕರೆದು ಮುದ್ದೆ ಬಡಿಸಿದೆ. ಅವರು ಅಗಿದರು. ಅಗಿಯಬಾರದು, ನುಂಗಬೇಕು ಎಂದೆ. ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡರು. ಆದರೂ ಬಿಡಲಿಲ್ಲ, ಕೊನೆಯ ತುತ್ತಿನವರೆಗೂ ಹೋರಾಡಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆವತ್ತು.

ಸಿಸ್ಟರ್ ಆಗ್ನೆಸ್ ಅವರ ಬಗ್ಗೆಯೂ ಹೇಳಬೇಕು. ಕಣಜದ ಉಸ್ತುವಾರಿ ಅವರದು, ನನಗೆ ನೇರ ಮೇಲಧಿಕಾರಿ. ಶಿಸ್ತೆಂದರೆ ಶಿಸ್ತು. ಸಾಲು ನೆಟ್ಟಗಿರಬೇಕು, ಚೀಲ ಒಂದೇ ಅಳತೆಯದಿರಬೇಕು, ಚೀಲದ ಮೇಲೆ ಕಣಜದ ಹೆಸರು ದಪ್ಪಕ್ಷರದಲ್ಲಿ ಇರಬೇಕು. ಕೊಡುವಾಗ ಫೋಟೋ ತೆಗೆಯಬೇಕು, ದಾನಿಗಳಿಗೆ ಕಳಿಸಲು. ಹೆಂಗಸರು ಫೋಟೋ ಎಂದಕೂಡಲೇ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದರು. ಫೋಟೋದಲ್ಲಿ ಬರೀ ಸೆರಗು ಮತ್ತು ಚೀಲ. "ಇವರಿಗೆ ನಾಚಿಕೆ ಜಾಸ್ತಿ" ಎನ್ನುತ್ತಿದ್ದರು ಸಿಸ್ಟರ್.

ಒಂದು ದಿನ ಸಿಸ್ಟರೂ ನಾನೂ ಏನೋ ಕೆಲಸದ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ನಮ್ಮಿಂದ ಆಗಷ್ಟೇ ಚೀಲ ತೆಗೆದುಕೊಂಡು ಹೋದ ಹೆಂಗಸೊಬ್ಬಳು ಕಂಬದ ಮರೆಯಲ್ಲಿ ಕೂತಿದ್ದಳು. ಸಾಮಾನನ್ನೆಲ್ಲ ಮಡಿಲಿಗೆ ಸುರಿದುಕೊಂಡು, ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ, ಮತ್ತೆ ತುಂಬಿಕೊಂಡು, ಆಮೇಲೆ ಬಸ್ಸು ಹತ್ತಿದಳು. ಸಿಸ್ಟರ್ ನೋಡಿದರು. ಮುಂದಿನ ಸಲ ಚೀಲಗಳು ಬಂದಾಗ ಅವುಗಳ ಮೇಲೆ ಒಂದಕ್ಷರವೂ ಇರಲಿಲ್ಲ. ಫೋಟೋ ತೆಗೆಯುವುದೂ ನಿಂತಿತು. ದಾನಿಗಳಿಗೆ ಏನು ಹೇಳಿದರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಶಿಸ್ತಿನವರು ಅಂತ ಹೆದರಬೇಡಿ ಹುಡುಗಿಯರೇ, ಅಂಥವರು ಒಮ್ಮೆ ನಿರ್ಧಾರ ಮಾಡಿದರೆ ಮತ್ತೆ ಹಿಂದೆ ಮುಂದೆ ನೋಡುವುದಿಲ್ಲ.

ದಾನಿಗಳ ವಿಷಯ ಬಂತಲ್ಲ, ಇದನ್ನು ಬಿಡಲಾರೆ. ಬೆಂಗಳೂರಿನ ಪುಣ್ಯಾತ್ಮರೊಬ್ಬರು ಪೆಟ್ಟಿಗೆಗಟ್ಟಲೆ ಓಟ್ಸ್ ಕಳಿಸಿದರು. ಆರೋಗ್ಯಕ್ಕೆ ಒಳ್ಳೆಯದಂತೆ. ಬಂದವರಿಗೆಲ್ಲ ಒಂದೊಂದು ಪೊಟ್ಟಣ ಕೊಟ್ಟೆವು. ಯಾರೂ ಅದರ ಸುದ್ದಿ ಎತ್ತಲಿಲ್ಲ, ಬಂಡೂರಿನ ಅಜ್ಜಿಯೊಬ್ಬರನ್ನು ಬಿಟ್ಟು. ಅವರು ಬಂದವರೇ, "ಆ ಬಿಳೀ ತೌಡು ಭಾಳ ಚೆಂದಾಗೈತೆ, ಇನ್ನೊಂದೆರಡು ಪೊಟ್ಣ ಕೊಡವ್ವ" ಎಂದರು.

ನನಗೆ ಬಹಳ ಸಂತೋಷವಾಯಿತು. "ಗಂಜಿ ಮಾಡಿದ್ರಾ, ಉಪ್ಪಿಟ್ಟು ಮಾಡಿದ್ರಾ ಅಜ್ಜಿ?"

"ನಾನ್ಯಾಕೆ ತಿನ್ಲವ್ವ? ನಮ್ಮ ಟಗರಿಗಾಕ್ದೆ. ಎಂಗೆ ಮೈ ಬುಟ್ಟೈತೆ ಅಂತೀಯ!"

ದಾನಿಗೆ ಬರೆದ ಉತ್ತರದಲ್ಲಿ ಸಿಸ್ಟರ್, "ನೀವು ಕಳಿಸಿದ್ದನ್ನು ಬಹಳ ಇಷ್ಟಪಟ್ಟು ತಿಂದಿದ್ದಾರೆ" ಎಂದಷ್ಟೇ ಬರೆದರು. ಯಾರು ಎಂದು ಬರೆಯಲಿಲ್ಲ. ಸುಳ್ಳೂ ಆಗಲಿಲ್ಲ.

ಇನ್ನು ಪುಟ್ಟಲಕ್ಷ್ಮಿಯ ವಿಷಯ. ಇಷ್ಟು ಹೊತ್ತು ಹೇಳಿದ್ದು ಒಂದು ತೂಕವಾದರೆ ಇದೇ ಒಂದು ತೂಕ.

ಬೆಸಗರಹಳ್ಳಿ ಕಡೆಯ ಮನೆ. ಗಂಡ ಶಿವಣ್ಣ ಕಬ್ಬಿನ ಲೋಡಿನ ಮೇಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮಲಗಿದ್ದ. ಮನೆಯಲ್ಲಿ ಹೆಂಡತಿ, ಸ್ಕೂಲಿಗೆ ಹೋಗುವ ಮಗಳು ಕಾವ್ಯ, ತಾಯಿ ದೊಡ್ಡತಾಯಮ್ಮ. ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂದು ಆ ಊರಿನ ಆಶಾ ಕಾರ್ಯಕರ್ತೆ ನಮಗೆ ಹೇಳಿ ಕಳಿಸಿದಳು. ನಾನು ಚೀಲ ಹಿಡಿದು ಹೋದೆ. ಪುಟ್ಟಲಕ್ಷ್ಮಿ ಬಾಗಿಲಲ್ಲೇ ಅಡ್ಡ ನಿಂತಳು.

"ನಮ್ಗೆ ಬ್ಯಾಡ ಕಣಕ್ಕ. ಇಲ್ದೋರ್ಗೆ ಕೊಡಿ."

ಒಳಗೆ ಒಲೆ ತಣ್ಣಗಿತ್ತು. ಮಗು ಹಸಿ ಕಡಲೆಕಾಯಿ ಸುಲಿದು ತಿನ್ನುತ್ತಿತ್ತು. ನಾನು ಸರ್ಕಾರದ ಮಾತು, ದೇವರ ಮಾತು, ಮಗುವಿನ ಮಾತು ಎಲ್ಲ ಆಡಿದೆ. ಅವಳು ಅಲುಗಲಿಲ್ಲ. ಅಷ್ಟರಲ್ಲಿ ಜಗಲಿಯ ಮೇಲಿದ್ದ ಅತ್ತೆ ದೊಡ್ಡತಾಯಮ್ಮ ಎಲೆ ಅಡಿಕೆ ಉಗಿದು ಬಾಯಿ ತೆರೆದರು.

"ಅವ್ಳು ಎಂಗೆ ಈಸ್ಕೊಂಡಾಳು? ತವರು ಅಂತ ಒಂದಿದ್ದಿದ್ರೆ ಇಂಥ ಒತ್ನಲ್ಲಿ ಒಂದು ಮೂಟೆ ರಾಗಿ ತಂದು ಅಟ್ಟಿ ಮುಂದೆ ಇಳ್ಸೋರು. ಇವ್ಳಿಗೆ ಅಣ್ಣಿಲ್ಲ ತಮ್ಮಿಲ್ಲ. ಈಗ ಬೇಡ್ಕೊಂಡು ಉಣ್ಬೇಕಾ ನಮ್ಮನೆ? ಅಲ್ದೆ ಅಲ್ಲಿ ಅಕ್ಕಿ ಉಂಡ್ರೆ ಹೆಸ್ರೇ ಬದ್ಲಾಯ್ಸಿಬುಡ್ತಾರಂತೆ."

"ಅಯ್ಯೋ ನಿಮ್ಮ! ನಾನು ಅಲ್ಲೇ ಉಂಡು ಬೆಳ್ಸಿರೋ ಮೈ ನೋಡಿ. ಈಗ್ಲೂ ನಾಗರತ್ನಾನೇ" ಎಂದೆ. ದೊಡ್ಡತಾಯಮ್ಮ ನನ್ನ ಮೈಯನ್ನು ಮೇಲಿನಿಂದ ಕೆಳಗೆ ನೋಡಿ ಒಪ್ಪಿಕೊಂಡ ಹಾಗೆ ಕಂಡಿತು. ಪುಟ್ಟಲಕ್ಷ್ಮಿ ಮಾತ್ರ ಒಳಗೆ ಹೋಗಿ ಕದ ಹಾಕಿಕೊಂಡಳು. ಚೀಲ ವಾಪಸ್ಸು ತಂದೆ.

ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಅವಳ ಮೇಲಲ್ಲ, ಅತ್ತೆಯ ಮಾತಿನ ಮೇಲೆ. ಪುಟ್ಟಲಕ್ಷ್ಮಿ ಸಣ್ಣವಳಿದ್ದಾಗಲೇ ತಂದೆ ತಾಯಿ ಹೋಗಿ, ಅಜ್ಜಿ ಸಾಕಿ, ಆ ಅಜ್ಜಿಯೂ ಮದುವೆಯ ಮರುವರ್ಷ ಹೋಗಿದ್ದಳಂತೆ. ಅದು ಅವಳ ತಪ್ಪೇ? ಆ ಮನೆಯಲ್ಲಿ ಅನ್ನವಿಲ್ಲದ್ದಕ್ಕಿಂತ ಆ ಮಾತು ದೊಡ್ಡದಾಗಿತ್ತು. ನಮ್ಮ ಚೀಲ ತೆಗೆದುಕೊಂಡರೆ ಅತ್ತೆಯ ಮಾತನ್ನು ತಾನೇ ನಿಜ ಮಾಡಿದ ಹಾಗೆ ಆಗುತ್ತಿತ್ತು. ನಾನಾದರೂ ತೆಗೆದುಕೊಳ್ಳುತ್ತಿರಲಿಲ್ಲ.

ಮರುದಿನ ಫಾದರ್‌ಗೂ ಸಿಸ್ಟರಿಗೂ ಹೇಳಿದೆ. "ಅವಳಿಗೆ ಚೀಲ ಬೇಡ, ಮಡಿಲಕ್ಕಿ ಹಾಕೋಣ."

ಫಾದರ್‌ಗೆ ಅರ್ಥವಾಗಲಿಲ್ಲ. ಮಗಳು ತವರಿಗೆ ಬಂದು ಹೊರಟಾಗ ಅವಳನ್ನು ಕೂರಿಸಿ ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ, ಕುಬುಸದ ಕಣ ಹಾಕಿ ಕಳಿಸುತ್ತಾರೆ, ಅದನ್ನು ಬೇಡ ಅನ್ನುವ ಮಗಳಿಲ್ಲ, ಅದರ ಜೊತೆಗೆ ಮೂಟೆ ಹೋದರೂ ಯಾರೂ ಕೇಳುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಸಿಸ್ಟರ್ ಹುಬ್ಬು ಮೇಲೇರಿತು. "ಅರಿಶಿನ, ಕುಂಕುಮ? ಕಣಜದ ಖರ್ಚಿನಲ್ಲಾ?"

"ಅರಿಶಿನ ಮಸಾಲೆ ಸಾಮಾನೇ ತಾನೇ ಸಿಸ್ಟರ್? ಕುಂಕುಮ ನಾನು ತರ್ತೀನಿ."

ಫಾದರ್ ಜೇಬು ಮುಟ್ಟಿಕೊಂಡು ಒಂದು ಸುತ್ತು ಹಾಕಿದರು. "ನಮ್ಮಲ್ಲೂ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ ಮಾರಾಯ್ತಿ. ಮಾಡಿ" ಎಂದರು.

ಮತ್ತೆ ಬೆಸಗರಹಳ್ಳಿಗೆ ಹೋದೆ. ಈ ಸಲ ಕೈಯಲ್ಲಿ ಚೀಲವಿರಲಿಲ್ಲ. ನೇರ ದೊಡ್ಡತಾಯಮ್ಮನ ಎದುರು ಕೂತು, "ನಮ್ಮ ಮಗಳನ್ನ ಒಂದು ದಿನದ ಮಟ್ಟಿಗೆ ತವರಿಗೆ ಕಳಿಸ್ಕೊಡಿ, ಕರ್ಕೊಂಡು ಹೋಗೋಕೆ ಬಂದಿದೀನಿ" ಎಂದೆ.

"ಯಾವ ತವರು?"

"ನಮ್ದು."

ಕದದ ಹಿಂದೆ ನಿಂತಿದ್ದ ಪುಟ್ಟಲಕ್ಷ್ಮಿಗೆ ಅದು ಕೇಳಿಸಿತು. ದೊಡ್ಡತಾಯಮ್ಮ ಬಹಳ ಹೊತ್ತು ಅಡಿಕೆ ಕತ್ತರಿಸಿದರು. ತವರಿಗೆ ಕರೆಯಲು ಬಂದವರನ್ನು ಬರಿದೇ ಕಳಿಸುವ ಹಾಗಿಲ್ಲ, ಅದು ಅವರಿಗೂ ಗೊತ್ತು. ಕೊನೆಗೆ, "ಸಂಜೆ ಒಳ್ಗೆ ಕಳ್ಸಿ" ಎಂದರು.

ತಾಯಿ ಮಗಳು ಇಬ್ಬರೂ ಬಂದರು. ರಾಗಿ ಮೂಟೆಗಳ ನಡುವೆ ಜಾಗ ಮಾಡಿ ಮಣೆ ಹಾಕಿದೆ. ಸಿಸ್ಟರ್ ತಾವೇ ನೆಲ ಒರೆಸಿದ್ದರು. ಪುಟ್ಟಲಕ್ಷ್ಮಿ ಪೂರ್ವಕ್ಕೆ ಮುಖ ಮಾಡಿ ಕೂತು ಸೆರಗೊಡ್ಡಿದಳು. ಅಲ್ಲಿಯವರೆಗೂ ಗಟ್ಟಿಯಾಗಿದ್ದಳು, ಮೊದಲ ಹಿಡಿ ಅಕ್ಕಿ ಮಡಿಲಿಗೆ ಬಿದ್ದದ್ದೇ ತಡ ಹೋ ಎಂದು ಅತ್ತಳು. ಮಗಳು ಹೆದರಿ ತಾನೂ ಅತ್ತಳು. ನಾನೂ ಅತ್ತೆ. ಫಾದರ್ ಬಾಗಿಲಲ್ಲಿ ನಿಂತು ಕಾಯಿ ಹಿಡಿದುಕೊಂಡು ಯಾವಾಗ ಕೊಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಎಲ್ಲ ಆದ ಮೇಲೆ ಪುಟ್ಟಲಕ್ಷ್ಮಿ ಎದ್ದು, ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ನಮ್ಮ ಮೂಟೆಗೇ ವಾಪಸ್ಸು ಹಾಕಿದಳು. "ತವರು ತುಂಬಿರ್ಲಿ" ಎಂದಳು. ಅದು ಮಗಳು ಹೊರಡುವಾಗ ಮಾಡುವ ಪದ್ಧತಿ, ನನಗೇ ಮರೆತುಹೋಗಿತ್ತು. ಆವರೆಗೂ ನಮ್ಮ ಕಣಜದಿಂದ ಹೋದವರು ತಲೆ ತಗ್ಗಿಸಿ ಹೋಗುತ್ತಿದ್ದರು. ಅವಳು ಹರಸಿ ಹೋದಳು.

ನಾನು ಎಡವಿದ್ದು ಅಲ್ಲೇ. ಬಾಗಿಲವರೆಗೆ ಬಂದಾಗ, ನಮ್ಮಮ್ಮ ನನಗೆ ಹೇಳುತ್ತಿದ್ದ ಮಾತು ಬಾಯಿಗೆ ತಾನಾಗಿ ಬಂತು. "ಹೋಗಿ ಬಾ ಕಣವ್ವ. ಗೌರಿ ಹಬ್ಬಕ್ಕೆ ಬಾಗಿನ ಕಳಿಸ್ತೀವಿ. ಏನಾದ್ರೂ ಇದ್ರೆ ಬಂದ್ಬುಡು, ಇದು ನಿನ್ನ ಮನೆ."

ಆಟೋದಲ್ಲಿ ಅವಳ ಜೊತೆ ರಾಗಿ ಮೂಟೆ, ಅಕ್ಕಿ, ಬೇಳೆ ಎಲ್ಲ ಹೋಯಿತು. ಹಾಡುಹಗಲಲ್ಲಿ, ಬೀದಿಯವರೆಲ್ಲ ನೋಡುತ್ತಿದ್ದಂತೆ, ಹಟ್ಟಿ ಮುಂದೆ ಇಳಿಯಿತು. ಯಾರೋ ಕೇಳಿದ್ದಕ್ಕೆ ದೊಡ್ಡತಾಯಮ್ಮನೇ, "ಸೊಸೆ ತವರಿಂದ ಬಂದೈತೆ" ಎಂದರಂತೆ. ಆದರೆ ಒಳಗೆ ಬಂದು, "ಇದೇನು ಒಂದ್ಸಲದ ತವರೋ, ಯಾವಾಗ್ಲೂ ಇರೋ ತವರೋ ನೋಡಾಣ" ಎಂದೂ ಸೇರಿಸಿದರಂತೆ. ಪುಟ್ಟಲಕ್ಷ್ಮಿ ಆ ಮಾತನ್ನು ಗಂಟು ಹಾಕಿಕೊಂಡಳು.

ಗೌರಿ ಹಬ್ಬ ಬಂತು, ಹೋಯಿತು. ನಾನು ಮರೆತೇಬಿಟ್ಟಿದ್ದೆ. ಹಬ್ಬದ ಮರುದಿನ ಪುಟ್ಟಲಕ್ಷ್ಮಿ ಬೆಳಗ್ಗೆಯೇ ಪ್ರತ್ಯಕ್ಷ. ಜನ ಸಾಲಿನಲ್ಲಿ ನಿಂತಿದ್ದಾರೆ, ಸಿಸ್ಟರ್ ಪಕ್ಕದಲ್ಲಿದ್ದಾರೆ, ಇವಳು ಸೊಂಟಕ್ಕೆ ಕೈ ಕೊಟ್ಟು, "ಏನಕ್ಕ, ಬಾಗಿನ ಕಳಿಸ್ತೀವಿ ಅಂದಿದ್ರಿ. ನಮ್ಮತ್ತೆ ಬೀದಿ ನೋಡಿ ನೋಡಿ ನಗ್ತಾವ್ರೆ" ಎಂದಳು. ಆಡಿದ ಮಾತನ್ನು ನುಂಗುವುದಕ್ಕಾಗುತ್ತದೆಯೇ? ಮೊರ, ಬಳೆ, ಕಾಯಿ ಎಲ್ಲ ಅವತ್ತೇ ಪೇಟೆಯಿಂದ ತಂದು, ತಡವಾಯಿತೆಂದು ನಾಲ್ಕು ಮಾತು ಬೈಸಿಕೊಂಡು ಕೊಟ್ಟು ಕಳಿಸಿದೆ. ಮುಂದಿನ ವರ್ಷದಿಂದ ಸಿಸ್ಟರೇ ನೆನಪಿಸುತ್ತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಶಿವಣ್ಣನ ಕಾಲು ಕೂಡಿತು, ಊರುಗೋಲು ಹಿಡಿದು ಓಡಾಡುವಂತಾದ, ಮನೆಗೆ ನಮ್ಮ ದವಸ ಬೇಕಾಗುವುದೂ ನಿಂತಿತು. ಒಂದು ದಿನ ಗಂಡ ಹೆಂಡಿರ ಜಗಳವಾಗಿ ಪುಟ್ಟಲಕ್ಷ್ಮಿ ಬಟ್ಟೆಯ ಬ್ಯಾಗ್ ಹಿಡಿದು ಕಣಜಕ್ಕೆ ಬಂದು ಕೂತಳು.

"ಇದು ದವಸ ಕೊಡುವ ಜಾಗ" ಎಂದರು ಸಿಸ್ಟರ್, ಮೆಲ್ಲಗೆ.

"ಗೊತ್ತು ಸಿಸ್ಟರಮ್ಮ. ನಾನು ದವಸಕ್ಕೆ ಬಂದಿಲ್ಲ. ತವರಿಗೆ ಬಂದಿವ್ನಿ."

ಸಿಸ್ಟರ್ ತಮ್ಮ ಮನೆಯಲ್ಲೇ ಅವಳಿಗೆ ಹಾಸಿಗೆ ಕೊಟ್ಟರು. ಅವಳು ಸುಮ್ಮನೆ ಕೂರುವವಳಲ್ಲ. ಅಕ್ಕಿಯ ಕಲ್ಲು ಆರಿಸಿದಳು, ಇಲಿ ಬಿಲ ಮುಚ್ಚಿಸಿದಳು, ನನ್ನನ್ನೂ ಸಾಲಿನಲ್ಲಿದ್ದವರನ್ನೂ ಗದರಿದಳು. ಬಂದವರಿಗೆ, "ಯಾಕೆ ಅಂಗೆ ಮೂಲೇಲಿ ನಿಂತಿದೀಯವ್ವ? ಮುಂದಕ್ಕೆ ಬಾ, ನಮ್ಮನೆ ಇದು" ಎನ್ನುತ್ತಿದ್ದಳು. ಎರಡು ದಿನಕ್ಕೆ ಶಿವಣ್ಣ ಕರೆಯಲು ಬಂದ. ನಾನು ಫಾದರ್ ಬಳಿ ಓಡಿದೆ. ಅಳಿಯ ಮನೆಗೆ ಬಂದಿದ್ದಾನೆ, ಬರೀ ಟೀ ಕೊಟ್ಟು ಕಳಿಸುವಂತಿಲ್ಲ ಎಂದೆ. ನಾಟಿ ಕೋಳಿ ಸಾರು, ಮುದ್ದೆ ಮಾಡಿಸಿದೆವು. ಫಾದರ್ ಅವನ ಎದುರಿಗೆ ಕೂತು ಸರಾಗವಾಗಿ ನುಂಗಿದರು. ಊಟದ ನಡುವೆ, ಮುಖ ಗಂಟಿಕ್ಕಿಕೊಂಡು, "ನಮ್ಮ ಹುಡುಗಿಯ ಮೇಲೆ ಕೈ ಗೀ ಎತ್ತಿದರೆ ನಾನು ಸುಮ್ಮನೆ ಇರುವುದಿಲ್ಲ ಆಯ್ತಾ" ಎಂದರು. ಶಿವಣ್ಣ, "ಇಲ್ಲ ಮಾವ" ಎಂದುಬಿಟ್ಟ. ಸಿಸ್ಟರ್ ಅಡುಗೆಮನೆಗೆ ಓಡಿ ಹೋಗಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಸುದ್ದಿ ಹರಡಿತು. ಮಡಿಲಕ್ಕಿ ಬೇಕೆಂದು ಕೇಳಿಕೊಂಡು ಬರುವವರು ಹೆಚ್ಚಾದರು. ಹೆಂಡತಿ ಸತ್ತ ಮುದುಕರೊಬ್ಬರು, "ನಂಗೆ ಮಡ್ಲಿಲ್ವಲ್ಲವ್ವ" ಎಂದು ಹೆಗಲ ಟವಲು ಒಡ್ಡಿದರು. ಅದಕ್ಕೇ ಹಾಕಿದೆ. ಹಾಗಂತ ಎಲ್ಲರಿಗೂ ಇದೇ ಮದ್ದು ಅಂದುಕೊಳ್ಳಬೇಡಿ. ಮಳವಳ್ಳಿಯಲ್ಲಿ ಕೆಲಸ ಕಳೆದುಕೊಂಡಿದ್ದ ನರ್ಸ್ ಹುಡುಗಿಯೊಬ್ಬಳಿಗೆ ನಾನು ಮಣೆ ಹಾಕಲು ಹೋದರೆ, "ಆಂಟಿ, ಅದೆಲ್ಲ ಯಾಕೆ? ಗ್ಯಾಸ್ ಖಾಲಿಯಾಗಿದೆ, ಒಂದು ಸಿಲಿಂಡರ್ ಕೊಡ್ಸಿ ಸಾಕು" ಎಂದಳು. ಕೊಡಿಸಿದೆವು. ಈಗ ನಿಮಗೆ ಫೋನಿನಲ್ಲಿ ಎಲ್ಲ ಬರುತ್ತದೆ, ಯಾರಿಗೆ ಏನು ಕೊರತೆ ಎಂದು ಕೂತಲ್ಲೇ ಗೊತ್ತಾಗುತ್ತದೆ. ಒಳ್ಳೆಯದು. ಆದರೂ ಒಂದು ಸಲ ಮನೆ ಬಾಗಿಲಿಗೆ ಹೋಗಿ ನಿಂತುಕೊಳ್ಳಿ. ಜಗಲಿಯ ಮೇಲೆ ಕೂತವರು ಏನನ್ನುತ್ತಾರೆ ಕೇಳಿಸಿಕೊಳ್ಳಿ.

ಫಾದರ್‌ಗೆ ಕರಾವಳಿಗೆ ವರ್ಗವಾಯಿತು. ಆಮೇಲೆ ನಾನೂ ನಿವೃತ್ತಳಾದೆ. ಒಂದು ದಿನ ಪುಟ್ಟಲಕ್ಷ್ಮಿಯ ಫೋನ್ ಬಂತು. ಕಾವ್ಯಳಿಗೆ ಮದುವೆ ಗೊತ್ತಾಗಿತ್ತು. ಮಳವಳ್ಳಿ ಕಡೆಯ ಹುಡುಗ. ಮಗಳ ಮದುವೆಯ ಖುಷಿ ಇರಬೇಕಾದ ದನಿಯಲ್ಲಿ ಅಳು ಇತ್ತು.

"ಹೆಣ್ಣನ್ನ ಧಾರೆಗೆ ಕರ್ಕೊಂಡು ಬರಾಕೆ ಸೋದರಮಾವ ಬೇಕಲ್ವಾ ಅಕ್ಕ? ಗಂಡಿನೋರು ಯಾರು ಅಂತ ಕೇಳಿದ್ರು. ನಮ್ಮತ್ತೆ, ಇವ್ಳಿಗೆಲ್ಲಿ ಅಣ್ಣ ತಮ್ಮ, ನಮ್ಮ ಕಡೇರನ್ನೇ ಯಾರನ್ನಾರ ನಿಲ್ಸಾಣ ಅಂದ್ರು. ಎಲ್ಲಾರ ಮುಂದೂವೆ. ನಂಗೆ ಆ ಬಾಡ್ಗೆ ಮಾವ ಬ್ಯಾಡ. ನಮ್ಮ ಫಾದರಣ್ಣಂಗೆ ಯೋಳು."

ನನಗೆ ಭಯವಾಯಿತು. ತನಗೂ ತವರಿದೆ ಎಂದು ಇಷ್ಟು ವರ್ಷ ಗಟ್ಟಿ ಮಾಡಿಕೊಂಡ ಮಾತು ಇದೊಂದು ದಿನ ಸುಳ್ಳಾದರೆ ಅವಳು ಮತ್ತೆ ಆ ಹಳೆಯ ಬಾಗಿಲ ಹಿಂದೆಯೇ. ಫಾದರ್‌ಗೆ ಫೋನ್ ಮಾಡಿದೆ. ಅವರಿಗೆ ಈಗ ವಯಸ್ಸಾಗಿದೆ, ಮೊಣಕಾಲು ನೋವು. ವಿಷಯ ಕೇಳಿ ಮೊದಲು ಷರತ್ತು ಹಾಕಿದರು.

"ಮಂತ್ರ ನಾನು ಹೇಳುವುದಿಲ್ಲ. ಪೂಜೆ ಮಾಡುವುದಿಲ್ಲ. ನನ್ನ ಕೆಲಸ ಬೇರೆ, ಅವರಿಗೆ ಗೊತ್ತಿರಲಿ."

"ಗೊತ್ತು ಫಾದರ್."

"ಮಗುವಿನ ಕೈ ಹಿಡಿದು ನಡೆಯುವುದಕ್ಕೆ ಎಂತ ಅಡ್ಡಿ? ಬರ್ತೇನೆ ಅಂತ ಹೇಳಿ."

ಮುಹೂರ್ತದ ದಿನ ಮದ್ದೂರಿನ ಕಲ್ಯಾಣ ಮಂಟಪ. ಬೆಳಗಿನ ತಿಂಡಿ ಮುಗಿದರೂ ಫಾದರ್ ಬಂದಿರಲಿಲ್ಲ. ಪುಟ್ಟಲಕ್ಷ್ಮಿ ರೇಷ್ಮೆ ಸೀರೆಯುಟ್ಟುಕೊಂಡು ಬಾಗಿಲಿಗೂ ಮಂಟಪಕ್ಕೂ ಓಡಾಡುತ್ತಿದ್ದಳು. ದೊಡ್ಡತಾಯಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಯಾರೊಡನೆಯೂ ಮಾತಾಡದೆ ಬಾಗಿಲನ್ನೇ ನೋಡುತ್ತಿದ್ದರು. ಬದಲಿಗೆ ನಿಲ್ಲಿಸಲು ಶಿವಣ್ಣನ ಕಡೆಯವನೊಬ್ಬ ಪೇಟ ಸುತ್ತಿಕೊಂಡು ತಯಾರಾಗಿಯೂ ಇದ್ದ. ಮದುವೆ ಮಾಡಿಸುವ ಅಯ್ಯನವರು ಹೆಣ್ಣನ್ನು ಕರೆತನ್ನಿ ಎಂದು ಒಮ್ಮೆ ಕೂಗಿದರು, ಮತ್ತೊಮ್ಮೆ ಕೂಗಿದರು. ಪೇಟದವನು ಎದ್ದು ನಿಂತ. ಪುಟ್ಟಲಕ್ಷ್ಮಿ ಅವನ ದಾರಿಗೆ ಅಡ್ಡ ನಿಂತಳು.

ಆಗ ಬಾಗಿಲಲ್ಲಿ ಸಿಸ್ಟರ್ ಆಗ್ನೆಸ್ ಕಂಡರು, ಅವರ ಹಿಂದೆ ಬಿಳಿ ಶರ್ಟು, ಪಂಚೆ ಉಟ್ಟ ಫಾದರ್, ಕುಂಟುತ್ತಾ. ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಬೆವರು ಒರೆಸಿಕೊಳ್ಳಲೂ ಬಿಡದೆ ಪುಟ್ಟಲಕ್ಷ್ಮಿ ಅವರ ಕೈ ಹಿಡಿದು ಎಳೆದುಕೊಂಡು ಹೋದಳು. ಕಾವ್ಯ ಅವರ ಕೈ ಹಿಡಿದುಕೊಂಡು ಮಂಟಪಕ್ಕೆ ಬಂದಳು. ಮೊಣಕಾಲು ನೋವಿನ ಮಾವನಿಗಾಗಿ ಮದುಮಗಳೇ ನಿಧಾನವಾಗಿ ನಡೆದಳು.

ಅಯ್ಯನವರು ತಲೆಯೆತ್ತಿ ನೋಡಿದರು. ಹೊಸ ಮುಖ. ನಮ್ಮ ಕಡೆ ಎಲ್ಲರಿಗೂ ಕೇಳುವ ಹಾಗೆ ಮನೆದೇವರನ್ನು ಕೇಳಿದರು. "ಸೋದರಮಾವ ಯಾವ ದೇವರ ಒಕ್ಕಲು?"

ಗಂಡಿನ ಕಡೆಯವರೆಲ್ಲ ಕತ್ತು ಉದ್ದ ಮಾಡಿದರು. ಫಾದರ್ ಬಾಯಿ ತೆರೆದರು, ಸೊಂಟದ ಬಳಿ ಜೇಬು ತಡಕಿದರು. ಪಂಚೆಗೆ ಜೇಬೂ ಇರಲಿಲ್ಲ. ಪುಟ್ಟಲಕ್ಷ್ಮಿ ಮಂಟಪದ ಆ ಕಡೆಯಿಂದಲೇ ಗಟ್ಟಿಯಾಗಿ ಹೇಳಿದಳು.

"ಚರ್ಚಿನ್ ದೇವ್ರ ಒಕ್ಲು ಕಣ್ ಅಯ್ನೋರೆ. ಒತ್ತಾಯ್ತದೆ, ಮುಂದ್ಕೆ ನಡೆಸಿ."

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಆಮೇಲೆ ಅಯ್ಯನವರು, "ಆಗಲಿ, ಅವರನ್ನು ಈ ಕಡೆ ನಿಲ್ಲಿಸಿ" ಎಂದರು. ಓಲಗ ಶುರುವಾಯಿತು. ಸಿಸ್ಟರೂ ನಾನೂ ಹಿಂದಿನ ಕಂಬದ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆವು. ಯಾರೋ ನನ್ನ ತೋಳು ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ದೊಡ್ಡತಾಯಮ್ಮ, ಕುರ್ಚಿ ಬಿಟ್ಟು ಎದ್ದು ಬಂದಿದ್ದರು.

"ಇಲ್ಯಾಕೆ ನಿಂತಿದ್ದೀರಿ ಇಬ್ರೂ?" ಎಂದು ಗದರಿದರು. "ನನ್ ಸೊಸೆ ತವರಿನೋರು ನೀವು. ಮುಂದಕ್ ಬನ್ನಿ."